ಆರು ಝೋನ್ ಮೂರಕ್ಕೆ ಇಳಿದದ್ದು

ಬಿಸಿನೀರಿನ ಹೀಟಿಂಗ್ ಕೆಲಸವೇ ನನ್ನ ಕಸುಬು: ಬಾಯ್ಲರ್‌ನಲ್ಲಿ ಕಾಯಿಸಿದ ನೀರನ್ನು ಪೈಪಿನಲ್ಲಿ ಕೋಣೆಕೋಣೆಯ ರೇಡಿಯೇಟರ್‌ಗೆ ಹರಿಸಿ ಮನೆ ಬೆಚ್ಚಗಿಡುವುದು. ಆದರೂ ಊರವರ ಮನೆಗೆಲ್ಲ ಮಾಡಿಕೊಟ್ಟದ್ದನ್ನು ನಮ್ಮ ಮನೆಗೆ ಮಾಡಿಕೊಳ್ಳಲು ಹತ್ತು ವರ್ಷ ಹಿಡಿಯಿತು. ಮೂರು ಅಂತಸ್ತಿನ ಹಳೇ ಮನೆ, 17 ರೇಡಿಯೇಟರ್, ಎಲ್ಲಕ್ಕೂ ಸೇರಿ, ಚಳಿ ನೋಡಿ ಶಾಖ ಕೇಳುವ ಒಂದೇ ಥರ್ಮೋಸ್ಟಾಟ್. ಅದೂ ಕೆಳಗಿನ ಹಜಾರದಲ್ಲಿ, ಬಾಗಿಲು ತೆಗೆದಾಗೆಲ್ಲ ಗಾಳಿ ನುಗ್ಗುವ ಜಾಗದಲ್ಲಿ. ಅದಕ್ಕೆ ಚಳಿಯಾದರೆ ಇಡೀ ಮನೆಗೇ ಚಳಿ ಅಂತ ಲೆಕ್ಕ. ಒಂದು ಥರ್ಮೋಸ್ಟಾಟಿನ ಹಿಡಿತದಲ್ಲಿರುವ ಭಾಗಕ್ಕೆ ಝೋನ್ ಅನ್ನುತ್ತೇವೆ; ನಮ್ಮದು ಇಡೀ ಮನೆಗೆ ಒಂದೇ ಝೋನ್. ಬಿಸಿಗಾಳಿ ಮೆಟ್ಟಿಲ ದಾರಿ ಹಿಡಿದು ಮೇಲೇರಿ, ಅಟ್ಟದ ಕೋಣೆಗಳಲ್ಲಿ ಕಿಟಕಿ ತೆಗೆದು ಮಲಗಬೇಕು; ನಡುವಿನ ಅಂತಸ್ತಿನಲ್ಲಿ ಸ್ವೆಟರ್ ಬಿಚ್ಚುವ ಹಾಗಿಲ್ಲ.

ಮೊದಲು ಒಂದೊಂದೇ ಕೋಣೆಯ ಶಾಖನಷ್ಟ ಲೆಕ್ಕ ಹಾಕಿದೆ: ಗೋಡೆ, ಕಿಟಕಿ, ಸೂರು, ಸಂದಿಯಿಂದ ನುಗ್ಗುವ ಗಾಳಿ. ಅತಿ ಚಳಿಯ ದಿನಕ್ಕೂ 28 ಕಿಲೋವ್ಯಾಟ್ ಸಾಕು ಅಂತ ಬಂತು. ಹಳೇ ಬಾಯ್ಲರ್‌ನ ಫಲಕದಲ್ಲಿದ್ದದ್ದು 60. ಫಲಕ ನೋಡಿ ಅಷ್ಟೇ ದೊಡ್ಡದನ್ನು ತಂದು ಕೂರಿಸುವವರು ಇವತ್ತಿಗೂ ಇದ್ದಾರೆ. ಆಮೇಲೆ ಹಾಕಿಸಿದ ಒಳ್ಳೆಯ ಕಿಟಕಿ, ಸೂರಿನ ಇನ್ಸುಲೇಷನ್ ಯಾವುದೂ ಆ ಫಲಕಕ್ಕೆ ಗೊತ್ತಿರುವುದಿಲ್ಲ. ನಾನು 35ರ ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿ ಹೋಗುವ ಶಾಖವನ್ನೂ ಹಿಡಿಯುವಂಥದ್ದು) ತಂದೆ. ಅದು 7 ಕಿಲೋವ್ಯಾಟ್‌ವರೆಗೆ ಉರಿ ಇಳಿಸುತ್ತದೆ. ಆ 7 ಮುಂದೆ ನನ್ನ ಮಾನ ತೆಗೆಯಿತು.

ನಡುವಿನ ಅಂತಸ್ತು ಯಾಕೆ ಬೆಚ್ಚಗಾಗುವುದಿಲ್ಲ ಅನ್ನುವುದು ನನಗೆ ಹಳೇ ತಲೆನೋವು. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಎಷ್ಟು ಸಲ ತೆಗೆದರೂ ಆ ಬೀಡುಕಬ್ಬಿಣದ ರೇಡಿಯೇಟರ್‌ಗಳು ಉಗುರುಬೆಚ್ಚಗೇ. ನೀರು ಖಾಲಿ ಮಾಡಿ, ಎರಡು ಸ್ಪಾನರ್ ಹಿಡಿದು ಒಂದರ ಪೈಪಿನ ಜೋಡಣೆ (ಯೂನಿಯನ್) ಬಿಚ್ಚಿದೆ. ಜೋಡಣೆಯ ನಡುವೆ ನಾಣ್ಯದಂಥ ಒಂದು ತಗಡಿನ ಬಿಲ್ಲೆ, ಮಧ್ಯದಲ್ಲಿ ಪೆನ್ಸಿಲ್‌ನಷ್ಟೂ ಇಲ್ಲದ ತೂತು! ಆಗ ಅರ್ಥವಾಯಿತು. ಈ ಮನೆಯ ಪೈಪು ಪಂಪಿಲ್ಲದ ಕಾಲದ್ದು. ಕಾದ ನೀರು ಹಗುರಾಗಿ ತಾನಾಗೇ ಏರುತ್ತಿತ್ತು. ಎಲ್ಲವೂ ಮೇಲಕ್ಕೇ ಓಡಬಾರದೆಂದು ಮೇಲಿನ ರೇಡಿಯೇಟರ್‌ಗಳಿಗೆ ಈ ತಡೆ ಇಟ್ಟಿದ್ದಾರೆ. ಮುಂದೆ ಯಾರೋ ಪಂಪ್ ಕೂರಿಸಿದರು, ಬಿಲ್ಲೆ ತೆಗೆಯಲಿಲ್ಲ. ಪಂಪಿನ ನೀರು ಸಲೀಸಾದ ದಾರಿ ಹಿಡಿದು ಕೆಳಗಿನ ಅಂತಸ್ತಿನಲ್ಲೇ ಸುತ್ತುತ್ತಿತ್ತು. ಐದು ಬಿಲ್ಲೆ ತೆಗೆದೆ. ಝೋನ್ ಗೀನ್ ಏನೂ ಮಾಡದೆಯೇ ಅರ್ಧ ತಲೆನೋವು ಮುಗಿಯಿತು.

ಹೊಸ ಬಾಯ್ಲರ್ ಜೋಡಿಸುವ ಮುಂಚೆ ಪೈಪುಗಳನ್ನು ತೊಳೆದೆ. ಕಪ್ಪು ನೀರು ತಿಳಿಯಾಗಲು ಎರಡು ದಿನ ಬೇಕಾಯಿತು. ಇಷ್ಟಾದರೂ ಒಂದು ತಿಂಗಳ ಮೇಲೆ, ನೀರಿನಲ್ಲಿರುವ ಕಬ್ಬಿಣದ ಕೆಸರು ಹಿಡಿಯುವ ಮ್ಯಾಗ್ನೆಟ್ ಫಿಲ್ಟರ್ ಬಿಚ್ಚಿದರೆ ಕಾಡಿಗೆಯಂಥ ಕೆಸರು ಬೆರಳುದಪ್ಪ ಅಂಟಿತ್ತು. ಫಿಲ್ಟರ್ ಇಲ್ಲದಿದ್ದರೆ ಅದೆಲ್ಲ ಬಾಯ್ಲರ್ ಒಳಗೆ ಕೂರುತ್ತಿತ್ತು.

ಇನ್ನು ನನ್ನ ತಪ್ಪು. ಗಿರಾಕಿಗಳಿಗೆ 'ಅಷ್ಟೊಂದು ಝೋನ್ ಬೇಡ' ಅನ್ನುವವನು ನಮ್ಮ ಮನೆಗೆ ಆರು ಝೋನ್ ಹಾಕಿದೆ. ಆರು ಥರ್ಮೋಸ್ಟಾಟ್, ಒಂದೊಂದು ಝೋನಿನ ನೀರಿನ ದಾರಿ ತೆಗೆದು ಮುಚ್ಚುವ ಆರು ಮೋಟಾರ್ ವಾಲ್ವ್, ಒತ್ತಡ ನೋಡಿ ವೇಗ ಹೊಂದಿಸಿಕೊಳ್ಳುವ ಒಂದು ಪಂಪ್. ನೋಡಲು ಚೆಂದವಿತ್ತು. ಮೂರನೇ ರಾತ್ರಿ ಹೆಂಡತಿ ಎಬ್ಬಿಸಿದಳು: "ರೀ, ಕೆಳಗೆ ಅದೇನದು? ಎರಡೆರಡು ನಿಮಿಷಕ್ಕೆ ಹತ್ಕೊಂಡು ಆರ್ತಾ ಇದೆ."

ಟಾರ್ಚ್ ಹಿಡಿದು ಹೋದೆ. ಅಟ್ಟದ ಝೋನ್ ಒಂದೇ ಶಾಖ ಕೇಳುತ್ತಿತ್ತು. ಅಲ್ಲಿರುವುದು ತೆಳು ತಗಡಿನ ಎರಡು ರೇಡಿಯೇಟರ್, ಹೊರಹಾಕುವುದು 2.5 ಕಿಲೋವ್ಯಾಟ್, ಸುತ್ತುವ ನೀರು ಸುಮಾರು 12 ಲೀಟರ್. ಬಾಯ್ಲರ್ ಎಷ್ಟೇ ಇಳಿಸಿದರೂ 7. ಉಳಿದ 4.5 ಹೋಗುವುದೆಲ್ಲಿಗೆ? ಎರಡು ನಿಮಿಷದೊಳಗೆ ನೀರು 10 ಡಿಗ್ರಿ ಏರಿ ಉರಿ ಆರುತ್ತದೆ, ತಣಿದರೆ ಮತ್ತೆ ಹತ್ತುತ್ತದೆ. ಬಾಯ್ಲರ್ ಬೇಗ ಸವೆಯುವುದೇ ಹೀಗೆ.

ಆರು ಝೋನನ್ನು ಮೂರು ಮಾಡಿದೆ. ಈ ಸಲ ಅಂತಸ್ತು ನೋಡಲಿಲ್ಲ, ಬಳಕೆ ನೋಡಿದೆ: ಹಗಲಿಡೀ ಜನ ಇರುವ ಕೋಣೆಗಳು, ಮಲಗುವ ಕೋಣೆಗಳು, ಅಟ್ಟ. ಬಿಸಿಲು ಬೀಳುವ ಕೋಣೆಗಳ ರೇಡಿಯೇಟರ್‌ಗೇ, ಕೋಣೆ ಬೆಚ್ಚಗಾದರೆ ತಾನೇ ನೀರು ತಡೆಯುವ ಥರ್ಮೋಸ್ಟಾಟಿಕ್ ವಾಲ್ವ್. ಅಟ್ಟಕ್ಕೋಸ್ಕರ 100 ಲೀಟರಿನ ಬಫರ್ ಟ್ಯಾಂಕ್ ಸೇರಿಸಿದೆ. ಹೆಚ್ಚಿನ ಶಾಖ ಅದಕ್ಕೆ ಹೋಗುತ್ತದೆ, ಒಂದು ಸಲ ಹತ್ತಿದರೆ ಕಾಲು ಗಂಟೆ ಉರಿಯುತ್ತದೆ. ಟ್ಯಾಂಕಿಗೆ ಜಾಗ ಬಿಡದೆ ಪೈಪ್ ಎಳೆದಿದ್ದೆನಲ್ಲ, ಅರ್ಧ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ನಾಲ್ಕು ಭಾನುವಾರ ಹೋದವು.

ಇಷ್ಟೆಲ್ಲದರಲ್ಲಿ ನನಗೆ ತುಂಬ ಹಿಡಿಸಿದ್ದು ಹೊರಗೋಡೆಯ ಸೆನ್ಸರ್. ಹೊರಗೆ ಚಳಿ ಕಡಿಮೆಯಾದಂತೆ ನೀರಿನ ಬಿಸಿಯನ್ನೂ ಅದು ಇಳಿಸುತ್ತದೆ. ಹಳೇ ರೇಡಿಯೇಟರ್‌ಗಳು ಈಗಿನ ಅಗತ್ಯಕ್ಕಿಂತ ದೊಡ್ಡವು. ಬಹಳಷ್ಟು ದಿನ 50 ಡಿಗ್ರಿ ನೀರೇ ಸಾಕು. ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಗ್ಯಾಸಿನ ಹೊಗೆಯಲ್ಲಿರುವ ಆವಿ ನೀರಾಗಿ ಅದರ ಶಾಖವೂ ದಕ್ಕುತ್ತದೆ. ನೀರನ್ನು 75ರಲ್ಲೇ ಓಡಿಸುವುದಾದರೆ ಕಂಡೆನ್ಸಿಂಗ್ ಬಾಯ್ಲರ್‌ಗೆ ದುಡ್ಡು ಕೊಡುವುದು ದಂಡ.

ಬಿಚ್ಚಿದ ಮೂರು ವಾಲ್ವ್ ಬಾಯ್ಲರ್ ಕೋಣೆಯ ಶೆಲ್ಫ್ ಮೇಲಿವೆ. ಹೋದ ಚಳಿಗಾಲ ಮಲಗುವ ಕೋಣೆಗಳ ವಾಲ್ವ್ ಮೋಟಾರ್ ಸಿಕ್ಕಿಕೊಂಡಾಗ ಅದರಲ್ಲೊಂದರ ತಲೆ (ಮೋಟಾರ್ ಇರುವ ಭಾಗ) ಬಿಚ್ಚಿ ಹಾಕಿದೆ. ಹತ್ತು ನಿಮಿಷದ ಕೆಲಸ, ನೀರು ಇಳಿಸಬೇಕಾಗಲಿಲ್ಲ.