‘ಕ್ಯಾನ್ಸರ್‌ಗೆ ಲಸಿಕೆ ಬಂತು’ ಅನ್ನೋ ಮೆಸೇಜ್ ಬಂದಾಗ ಏನು ನೋಡಬೇಕು?

ರಷ್ಯಾದವರು ಕ್ಯಾನ್ಸರ್‌ಗೆ ಎಂಆರ್‌ಎನ್‌ಎ ಲಸಿಕೆ ಮಾಡಿದ್ದಾರೆ, ಉಚಿತವಾಗಿ ಕೊಡುತ್ತಾರೆ ಅನ್ನೋ ಮೆಸೇಜ್ 2024ರ ಡಿಸೆಂಬರ್‌ನಲ್ಲಿ ಎಲ್ಲರ ವಾಟ್ಸಾಪ್‌ಗೂ ಬಂದಿತ್ತು. ಮನೆಯಲ್ಲಿ ಯಾರಾದರೂ ಕೀಮೋ ತಗೊಳ್ಳುತ್ತಿದ್ದರೆ ಅದನ್ನು ಓದಿದ ಕೂಡಲೇ ಆಸೆ ಹುಟ್ಟುತ್ತದೆ, ಅದು ಸಹಜ. ಆದರೆ ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ನಿಂತು ನೋಡಿ.

ಮೊದಲು, ಅದು ರೋಗ ಬರದಂತೆ ತಡೆಯುವ ಲಸಿಕೆಯಾ, ಬಂದ ಮೇಲೆ ಕೊಡುವುದಾ? ತಡೆಯುವ ಲಸಿಕೆ ಬೇಕು ಅಂದರೆ ಈಗಲೇ ಇದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಎಂಆರ್‌ಎನ್‌ಎ ಅಲ್ಲ, ಆದರೂ ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಗಳಿದ್ದರೆ ದಯವಿಟ್ಟು ಅದನ್ನು ಹಾಕಿಸಿ. ಎಂಆರ್‌ಎನ್‌ಎ ಕ್ಯಾನ್ಸರ್ ಲಸಿಕೆಗಳ ಕಥೆ ಬೇರೆ. ಗಡ್ಡೆ ತೆಗೆದ ಮೇಲೆ ಅದರ ತುಣುಕು ಪರೀಕ್ಷೆ ಮಾಡಿ, ಒಳ್ಳೆಯ ಜೀವಕೋಶದಲ್ಲಿಲ್ಲದ ಯಾವ ಬದಲಾವಣೆ ಅದರಲ್ಲಿದೆ ಅಂತ ಹುಡುಕಿ, ಆ ಒಬ್ಬ ರೋಗಿಗೆಂದೇ ತಯಾರಿಸುವ ಲಸಿಕೆಗಳೇ ಈಗ ಜಾಸ್ತಿ ಸುದ್ದಿಯಲ್ಲಿರುವುದು. ಪಕ್ಕದ ಬೆಡ್‌ನವರಿಗೆ ಅದು ಆಗಿಬರುವುದಿಲ್ಲ.

ಕೆಲಸ ಮಾಡುವ ರೀತಿ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯದ್ದೇ. ಎಂಆರ್‌ಎನ್‌ಎ ಅಂದರೆ ಒಂದು ಪ್ರೋಟೀನನ್ನು ಹೇಗೆ ಮಾಡಬೇಕು ಅಂತ ಬರೆದ ಚೀಟಿ ಅಂದುಕೊಳ್ಳಿ. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ಇಟ್ಟು ಚುಚ್ಚುತ್ತಾರೆ, ಜೀವಕೋಶ ಅದನ್ನು ಓದಿ ಪ್ರೋಟೀನ್ ಮಾಡುತ್ತದೆ, ನಮ್ಮ ಬಿಳಿ ರಕ್ತಕಣಗಳು ಅದರ ಗುರುತು ಹಿಡಿಯಲು ಕಲಿಯುತ್ತವೆ, ಚೀಟಿ ಬೇಗನೆ ಕರಗಿಹೋಗುತ್ತದೆ. ಡಿಎನ್‌ಎ ಬದಲಾಗುತ್ತದೆ ಅನ್ನುವುದು ಸುಳ್ಳು. ಡಿಎನ್‌ಎ ಇರುವ ಕೋಣೆಗೆ ಈ ಚೀಟಿ ಹೋಗುವುದೇ ಇಲ್ಲ.

ಆಮೇಲೆ ಎಷ್ಟು ಜನರ ಮೇಲೆ, ಯಾವ ಕ್ಯಾನ್ಸರ್‌ಗೆ, ಯಾವ ಔಷಧಿಯ ಜೊತೆ ಅಂತ ನೋಡಿ. ಮೊಡೆರ್ನಾ ಮತ್ತು ಮರ್ಕ್ ಕಂಪನಿಗಳು ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಇದ್ದ 157 ಜನರ ಮೇಲೆ ಪ್ರಯೋಗ ಮಾಡಿದವು. ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಅನ್ನೋ ಔಷಧಿ ಒಂದನ್ನೇ ಪಡೆದವರಿಗೆ ಹೋಲಿಸಿದರೆ, ಅದರ ಜೊತೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾವಿನ ಅಪಾಯ ಮೂರು ವರ್ಷದ ಲೆಕ್ಕದಲ್ಲಿ 49% ಕಡಿಮೆ ಇತ್ತು. ನನಗೆ ಇದು ನಿಜವಾಗಿಯೂ ದೊಡ್ಡ ಭರವಸೆ. ನ್ಯೂಯಾರ್ಕ್‌ನಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಇಂಥದ್ದೇ ಲಸಿಕೆಯನ್ನು 16 ಜನರಿಗೆ ಕೊಟ್ಟಾಗ 8 ಜನರ ದೇಹ ಅದಕ್ಕೆ ಸ್ಪಂದಿಸಿತು. ಹದಿನಾರೇ ಜನ, ಅದು ನೆನಪಿರಲಿ. ರಷ್ಯಾದ ಆ ಘೋಷಣೆಯ ಜೊತೆ ಇಂಥ ಲೆಕ್ಕ ಯಾವುದೂ ಇರಲಿಲ್ಲ.

ನಿಮ್ಮವರಿಗೆ ಇಂಥ ಪ್ರಯೋಗ ಇದೆಯಾ ಅಂತ ಆಪರೇಷನ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿ, ಯಾಕಂದರೆ ಗಡ್ಡೆ ತೆಗೆದ ಇಂತಿಷ್ಟು ವಾರದೊಳಗೆ ಸೇರಬೇಕು ಅನ್ನೋ ನಿಯಮ ಇರುತ್ತದೆ. ಭಾರತದ ಪ್ರಯೋಗಗಳು ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ) ವೆಬ್‌ಸೈಟ್‌ನಲ್ಲಿ ದಾಖಲಾಗಿರುತ್ತವೆ, ಯಾರು ಬೇಕಾದರೂ ಹುಡುಕಬಹುದು. ಪ್ರಯೋಗದ ಲಸಿಕೆಗೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಲಸಿಕೆ ಬರುತ್ತದೆ ಅಂತ ನಡೆಯುತ್ತಿರುವ ಕೀಮೋ ನಿಲ್ಲಿಸಲೇಬೇಡಿ. ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕಾದಿಟ್ಟ ಗಡ್ಡೆಯ ತುಣುಕು), ಸ್ಲೈಡ್ ಎಲ್ಲಿವೆ ಅಂತ ಆಸ್ಪತ್ರೆಯ ಲ್ಯಾಬ್‌ನಲ್ಲಿ ವಿಚಾರಿಸಿ ರಿಪೋರ್ಟ್ ಜೊತೆ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಪ್ರಯೋಗಕ್ಕೆ ಹೋದರೂ ಅವನ್ನು ಕೇಳುವ ಸಾಧ್ಯತೆ ಜಾಸ್ತಿ.