ಗುಜರಿಗೆ ಹೊರಟಿದ್ದ ಡಬ್ಬದಲ್ಲಿ ಲಿನಕ್ಸ್ ಮಿಂಟ್: ನನ್ನ ಅನುಭವ

ಶಿರಸಿಯ ನನ್ನ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ) ಅಂಗಡಿಯ ಮುಖ್ಯ ಕಂಪ್ಯೂಟರನ್ನು 2009ರಲ್ಲಿ ಕೊಂಡಿದ್ದೆ. ಕೋರ್ 2 ಡ್ಯುಯೊ ಇ7500 ಪ್ರೊಸೆಸರ್, ಜಿ31 ಚಿಪ್‌ಸೆಟ್ಟಿನ ಬೋರ್ಡು, 2 ಜಿಬಿ ಡಿಡಿಆರ್2 ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಮಾನಿಟರೂ ಸೇರಿ ಆಗ ಇಪ್ಪತ್ತಾರು ಸಾವಿರದ ಆಸುಪಾಸು ಕೊಟ್ಟ ನೆನಪು. ಇದರಲ್ಲೇ ಹೊಸ ಆಪರೇಟಿಂಗ್ ಸಿಸ್ಟಂ ಓಡಿಸುತ್ತೇನೆ ಎಂದಾಗ ರಿಪೇರಿಯ ಹುಡುಗ ಡಬ್ಬವನ್ನು ತೂಗುವವನಂತೆ ಎತ್ತಿ ನೋಡಿ, "ಸರ್, ಗುಜರಿಯವರು ಮುನ್ನೂರು ಕೊಟ್ಟರೆ ಹೆಚ್ಚು" ಎಂದ. ಪಕ್ಕದ ಪ್ರೆಸ್ಸಿನವರು ಹೊಸ ಯಂತ್ರದ ಕೊಟೇಶನ್ ತರಿಸಿಕೊಟ್ಟರು. ನಲವತ್ತೊಂದು ಸಾವಿರ ಇತ್ತು. ನನ್ನ ಮಗನೂ ನಕ್ಕ. ಆ ಡಬ್ಬ ಈಗ ದಿನಕ್ಕೆ ಹತ್ತು ಗಂಟೆ ಕೆಲಸ ಮಾಡುತ್ತಿದೆಯಾದ್ದರಿಂದ, ಹೇಗೆ ಮಾಡಿದೆ ಎಂಬುದನ್ನು ನಮ್ಮದೇ ಕಸುಬಿನವರಿಗಾಗಿ ಬರೆಯುತ್ತಿದ್ದೇನೆ.

ಆ ಡಿಸ್ಕಿನಲ್ಲಿ ಎರಡು ವಿಂಡೋಸ್ ಇದ್ದವು: ಪುಟವಿನ್ಯಾಸದ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶಗಳಿಗಾಗಿ ಎಕ್ಸ್‌ಪಿ, ಇಂಟರ್ನೆಟ್ಟಿಗಾಗಿ 2014ರಲ್ಲಿ ಹಾಕಿಸಿದ 7. ವಿಂಡೋಸ್ 7ರಲ್ಲಿ ಕ್ರೋಮ್ 109ನೆಯ ಆವೃತ್ತಿಗೆ ನಿಂತುಹೋದ ಮೇಲೆ ಆನ್‌ಲೈನ್ ಅರ್ಜಿ ತುಂಬುವ ಪುಟಗಳು ಒಂದೊಂದಾಗಿ ತೆರೆಯದಾದವು, ಬಂದ ಗಿರಾಕಿ ಎದುರಿನ ಅಂಗಡಿಗೆ ನಡೆದ. 2024ರ ಬೇಸಿಗೆಯಲ್ಲಿ ವಿಂಡೋಸ್ 10 ಹಾಕಿ ನೋಡಿದೆ. ಹಾಕಲು ಬಂತು, ಆದರೆ ಆನ್ ಮಾಡಿ ಅಂಗಡಿ ಗುಡಿಸಿ ದೀಪ ಹಚ್ಚಿ ಬಂದರೂ ಡಿಸ್ಕ್ ಬಳಕೆ ನೂರಕ್ಕೆ ನೂರು ಎಂದೇ ತೋರಿಸುತ್ತಿತ್ತು. ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ಗೊತ್ತಿತ್ತು. ಹಟಕ್ಕೆ ಬಿದ್ದು, ಟಿಪಿಎಂ ಎಂಬ ಭದ್ರತಾ ಚಿಪ್ಪಿನ ತಪಾಸಣೆಯನ್ನು ದಾಟಿಸುವ ಉಪಾಯ ಮಾಡಿ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನೂ ಪ್ರಯತ್ನಿಸಿದೆ. ಅದು ಏಳಲೇ ಇಲ್ಲ. ಆ ಆವೃತ್ತಿಗೆ ಬೇಕಾದ ಪಾಪ್‌ಕೌಂಟ್ ಎಂಬ ಆಜ್ಞೆಯನ್ನು ನಡೆಸುವ ಸಾಮರ್ಥ್ಯವೇ ಕೋರ್ 2 ತಲೆಮಾರಿನ ಪ್ರೊಸೆಸರಿನಲ್ಲಿ ಇಲ್ಲವಾದ್ದರಿಂದ ಯಾವ ಉಪಾಯವೂ ನಡೆಯದು ಎಂದು ತಿಳಿಯುವಷ್ಟರಲ್ಲಿ ಎರಡು ಭಾನುವಾರಗಳು ಹೋಗಿದ್ದವು. ಉಳಿದದ್ದು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ. ಹಲವು ಬಗೆಗಳನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಮಿಂಟ್ 22.1ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಆರಿಸಿಕೊಂಡೆ. 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂಬುದೇ ಮುಖ್ಯ ಕಾರಣ.

ಹಣ ಮೊದಲು ಪೋಲಾದದ್ದು ರ‍್ಯಾಮಿನಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದ ಭಾವನಿಂದ 4 ಜಿಬಿಯ ಎರಡು ಡಿಡಿಆರ್2 ಕಡ್ಡಿಗಳನ್ನು ತರಿಸಿದೆ. ಸಾವಿರದ ನೂರೋ ಇನ್ನೂರೋ ಕೊಟ್ಟದ್ದು. ಹಾಕಿದರೆ ತೆರೆ ಕಪ್ಪು, ಬೀಪ್ ಕೂಡ ಇಲ್ಲ. ಅಗ್ಗದಲ್ಲಿ ಸಿಗುವ ಆ ದೊಡ್ಡ ಕಡ್ಡಿಗಳು ಎಎಂಡಿ ಬೋರ್ಡುಗಳಲ್ಲಿ ಮಾತ್ರ ನಡೆಯುವಂಥವು. ಅಲ್ಲದೆ ನನ್ನ ಬೋರ್ಡಿನ ಮಿತಿಯೇ ಒಟ್ಟು 4 ಜಿಬಿ ಎಂದು ಕೈಪಿಡಿಯಲ್ಲಿ ಅಚ್ಚಾಗಿತ್ತು, ಓದುವ ತಾಳ್ಮೆ ನನಗಿರಲಿಲ್ಲ. ವಾಪಸು ಕೊಡಲು ಭಾವನನ್ನು ಮತ್ತೆ ಬೆಂಗಳೂರಿಗೆ ಅಟ್ಟುವುದು ಆಗದ ಮಾತು. ಕೊನೆಗೆ ಹುಬ್ಬಳ್ಳಿಯಲ್ಲಿ ಏಳುನೂರಕ್ಕೆ 2 ಜಿಬಿಯ ಎರಡು ಸಿಕ್ಕವು. ಹಾಕಿದ ಮೇಲೆ ಸಿಸ್ಟಂ ತೋರಿಸಿದ್ದು 3.2 ಜಿಬಿ, ಇಂಥ ಬೋರ್ಡುಗಳಲ್ಲಿ 64 ಬಿಟ್ ಹಾಕಿದರೂ ಅಷ್ಟೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರ‍್ಯಾಮಿನಲ್ಲಿರುವುದನ್ನು ಕುಗ್ಗಿಸಿ ಜಾಗ ಉಳಿಸುವ ಝೆಡ್‌ರ‍್ಯಾಮ್ ಆನ್ ಮಾಡಿಕೊಂಡರೆ ಬ್ರೌಸರಿನ ಏಳೆಂಟು ಟ್ಯಾಬ್‌ಗಳವರೆಗೆ ತೊಂದರೆಯಿಲ್ಲ.

ನಿಜವಾದ ಬದಲಾವಣೆ ತಂದದ್ದು 240 ಜಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್. ಸಾವಿರದ ಆರುನೂರಕ್ಕೆ ಕೊಂಡೆ. ಹಳೆಯ ಡಿಸ್ಕಿನಲ್ಲಿ ಮಿಂಟ್ ಏಳಲು ಎರಡು ನಿಮಿಷ ಹಿಡಿದಿದ್ದರೆ ಇದರಲ್ಲಿ ಮೂವತ್ತೈದು ಸೆಕೆಂಡು, ಅದೂ ಬಯೋಸ್‌ನ (ಬೋರ್ಡಿನ ಆರಂಭದ ತಂತ್ರಾಂಶದ) ಗೊಣಗಾಟ ಸೇರಿ. ಆದರೆ ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಪೆನ್‌ಡ್ರೈವನ್ನು ಹಳೆಯ ಬಯೋಸ್‌ಗೆ ತಿಳಿಯುವ ಎಂಬಿಆರ್ ವಿಧಾನದಲ್ಲಿ ತಯಾರಿಸಬೇಕೆಂಬುದೂ, ಹಳೆಯ ಬಯೋಸ್ ಅದನ್ನು ಹಾರ್ಡ್ ಡಿಸ್ಕುಗಳ ಒಳಪಟ್ಟಿಯಲ್ಲಿ ಅಡಗಿಸಿಡುತ್ತದೆಂಬುದೂ ನಿಮಗೆ ಗೊತ್ತೇ ಇದೆ. ಅದೆಲ್ಲ ಸರಿಯಾಗಿ ಮಾಡಿದ ನಾನು, ಎಕ್ಸ್‌ಪಿಯ ಡಿಸ್ಕನ್ನು ಬಿಚ್ಚದೆಯೇ ಇನ್‌ಸ್ಟಾಲ್ ಮಾಡಿದೆ. ಸಿಸ್ಟಂ ಎಸ್‌ಎಸ್‌ಡಿಗೆ ಹೋಯಿತು, ಅದನ್ನು ಎಬ್ಬಿಸುವ ಪುಟ್ಟ ತಂತ್ರಾಂಶವಾದ ಬೂಟ್‌ಲೋಡರ್ ಮಾತ್ರ ಹಳೆಯ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಕುಳಿತಿತು. ಮರುದಿನ ಹಳೆಯದನ್ನು ಕಳಚಿದಾಗ ಹೊಸದು ಏಳಲಿಲ್ಲ. ಹಳೆಯದನ್ನು ಒಂಟಿಯಾಗಿ ಹಾಕಿದಾಗ ಅದೂ ಏಳಲಿಲ್ಲ. ಹದಿನೈದು ವರ್ಷದ ಲಗ್ನಪತ್ರಿಕೆಗಳೆಲ್ಲ ಅದರೊಳಗೆ. ಎಕ್ಸ್‌ಪಿಯ ಸಿ.ಡಿ. ಹಾಕಿ ಬೂಟ್ ಸೆಕ್ಟರನ್ನು ಮತ್ತೆ ಬರೆಸಿ, ಎಕ್ಸ್‌ಪಿ ಎದ್ದು ಆ ಹಸಿರು ಗುಡ್ಡದ ಚಿತ್ರ ಕಾಣುವವರೆಗೆ ನಾನು ಊಟ ಮಾಡಲಿಲ್ಲ. ಅನಂತರ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟು ಮಿಂಟನ್ನು ಹೊಸದಾಗಿಯೇ ಹಾಕಿದೆ. ಎರಡನ್ನೂ ಒಂದೇ ಮೆನುವಿನಲ್ಲಿ ಕೂಡಿಸುವ ಗೋಜಿಗೆ ಈಗಲೂ ಹೋಗಿಲ್ಲ. ಎಕ್ಸ್‌ಪಿ ಬೇಕಾದಾಗ ಬಯೋಸ್‌ನ ಬೂಟ್ ಮೆನು ತೆರೆದು ಆ ಡಿಸ್ಕನ್ನು ಆರಿಸುತ್ತೇನೆ.

ಎರಡನೆಯ ಇನ್‌ಸ್ಟಾಲ್ ಆದ ಮೇಲೆ ಅಪ್‌ಡೇಟ್ ಬರಲೇ ಇಲ್ಲ. ಸರ್ವರಿನ ಕಡತಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲ ಎಂಬರ್ಥದ ದೂರು ಬರುತ್ತಿತ್ತು, ಬ್ರೌಸರಿನಲ್ಲಿ ಒಂದು ಪುಟವೂ ತೆರೆಯುತ್ತಿರಲಿಲ್ಲ. ನೆಟ್‌ವರ್ಕ್ ಕಾರ್ಡನ್ನು ಬೈದುಕೊಂಡು, ಮುನ್ನೂರೈವತ್ತಕ್ಕೆ ಹೊಸ ಕಾರ್ಡನ್ನೂ ತಂದೆ. ದೋಷವಿದ್ದದ್ದು ಬೋರ್ಡಿನ ಮೇಲಿನ ಮೂವತ್ತು ರೂಪಾಯಿಯ ಸಿಆರ್2032 ಬ್ಯಾಟರಿಯಲ್ಲಿ: ಅದು ಸತ್ತು, ದಿನಾಂಕ 2009ಕ್ಕೆ ಹೋಗಿದ್ದರಿಂದ ಸರ್ವರಿನ ಕಡತಗಳು ಕಂಪ್ಯೂಟರಿಗೆ ಮುಂದಿನ ಕಾಲದವಾಗಿ ಕಂಡಿದ್ದವು. ಬ್ಯಾಟರಿ ಬದಲಾಯಿಸಿದ ಮೇಲೆ ಇನ್ನೊಂದು ವಿಚಿತ್ರ ಎದುರಾಯಿತು. ಎಕ್ಸ್‌ಪಿಗೆ ಹೋಗಿ ಬಂದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಆಚೀಚೆ. ಬೋರ್ಡಿನ ಗಡಿಯಾರವನ್ನು ಎಕ್ಸ್‌ಪಿ ಸ್ಥಳೀಯ ಸಮಯ ಎಂದು ಓದುತ್ತದೆ, ಮಿಂಟ್ ಗ್ರೀನಿಚ್ ಸಮಯ ಎಂದು. ಮಿಂಟಿಗೇ ಸ್ಥಳೀಯ ಸಮಯವನ್ನು ಒಪ್ಪಿಕೊಳ್ಳುವಂತೆ ಒಂದು ಸಾಲಿನ ಆಜ್ಞೆ ಕೊಟ್ಟು ಮುಗಿಸಿದೆ.

ಇಷ್ಟನ್ನು ಯಾವ ಊರಿನ ಯಾವ ಹುಡುಗನೂ ಮಾಡಿಯಾನು. ನಮ್ಮಂಥ ಅಂಗಡಿಗಳು ಹಳೆಯ ಸಿಸ್ಟಂ ಬಿಡಲು ಹೆದರುವುದು ಕನ್ನಡದ ಕಾರಣಕ್ಕೆ. ನಮ್ಮಲ್ಲಿ ಹನ್ನೊಂದು ವರ್ಷದಿಂದ ಟೈಪ್ ಮಾಡುತ್ತಿರುವ ತಂಗಿ ಮೊದಲ ದಿನವೇ, "ಅಣ್ಣ, ನನ್ನ ಬೆರಳಿಗೆ ನುಡಿ ಬಿಟ್ಟರೆ ಬೇರೆ ಗೊತ್ತಿಲ್ಲ, ಆಮೇಲೆ ನನ್ನನ್ನು ಬೈಯಬೇಡಿ" ಎಂದಿದ್ದಳು. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕ.ಗ.ಪ. (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯ ವಿನ್ಯಾಸ, ಮತ್ತು ಅದು ಲಿನಕ್ಸಿನಲ್ಲೂ ಇದೆ. ಅದೇ ಬಗೆಯ ಹೆಸರಿನ ಎರಡು ವಿನ್ಯಾಸಗಳು ಸಿಗುತ್ತವೆ: ಒಂದು ಸಾಮಾನ್ಯ ಕೀಲಿಮಣೆಗಳ ಪಟ್ಟಿಯಲ್ಲಿ, ಇನ್ನೊಂದು ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಎಂ17ಎನ್ ಗುಂಪಿನಲ್ಲಿ. ಮೊದಲನೆಯದನ್ನು ಹಾಕಿಕೊಟ್ಟು ಮೂರು ದಿನ ಅವಳ ಸಿಟ್ಟು ನೋಡಿದೆ. ಎಂ17ಎನ್ ಒಳಗಿನದೇ ನುಡಿಗೆ ಪಳಗಿದ ಬೆರಳಿಗೆ ಹತ್ತಿರ. ಅದನ್ನು ಹಾಕಿದ ವಾರದೊಳಗೆ ಅವಳ ವೇಗ ಮೊದಲಿನಷ್ಟೇ ಆಯಿತು. ಫಾಂಟಿಗೆ ನೋಟೊ ಸೆರಿಫ್ ಮತ್ತು ನವಿಲು ನಮ್ಮ ಕರಪತ್ರಗಳಿಗೆ ಒಪ್ಪುತ್ತವೆ. ಲಗ್ನಪತ್ರಿಕೆಯ ಅಲಂಕಾರದ ಅಕ್ಷರಗಳಿಗೆ ಯೂನಿಕೋಡಿನಲ್ಲಿ (ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಈಗಿನ ಪದ್ಧತಿಯಲ್ಲಿ) ಇನ್ನೂ ಬಡತನವಿದೆ ಎಂದೇ ನನ್ನ ಅಭಿಪ್ರಾಯ.

ಹಳೆಯ ನುಡಿ ಫೈಲುಗಳನ್ನು ತೆರೆಯುವುದು ಸುಲಭ. ನುಡಿಯ ಆಸ್ಕಿ (ಯೂನಿಕೋಡಿಗಿಂತ ಹಿಂದಿನ ಪದ್ಧತಿಯ) ಫಾಂಟುಗಳನ್ನು ಹೋಂ ಫೋಲ್ಡರಿನ ಫಾಂಟ್ ಜಾಗಕ್ಕೆ ನಕಲು ಮಾಡಿದರೆ ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ಅಕ್ಷರಗಳು ಹಾಗೆಯೇ ಕಾಣುತ್ತವೆ. ತಿದ್ದಲು ಹೋದಾಗಲೇ ಅಪಾಯ. ಆಸ್ಕಿಯಲ್ಲಿ ತೆರೆಯ ಮೇಲಿನ ಕನ್ನಡದ ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳು. ಕಕಾರದ ಅಂಗವೆಂದು ನಾವು ನೋಡುವುದು ಕಂಪ್ಯೂಟರಿಗೆ ದೊಡ್ಡಕ್ಷರದ 'ಪಿ'. ಆದ್ದರಿಂದ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ, ಸಾಲಾಗಿ ಬಂದ ಎರಡು ದೊಡ್ಡಕ್ಷರಗಳಲ್ಲಿ ಎರಡನೆಯದನ್ನು ಚಿಕ್ಕದು ಮಾಡುವ ಆಟೊಕರೆಕ್ಟ್ ಸದ್ದಿಲ್ಲದೆ ಒಂದು ಅಕ್ಷರವನ್ನು ಇನ್ನೊಂದಾಗಿ ಬದಲಿಸುತ್ತದೆ. ಒಂದು ಗೃಹಪ್ರವೇಶದ ಪತ್ರಿಕೆಯಲ್ಲಿ ಮನೆ ಯಜಮಾನರ ಹೆಸರೇ ಕೆಟ್ಟು, ಇನ್ನೂರು ಪ್ರತಿ ನನ್ನ ಖರ್ಚಿನಲ್ಲಿ ಮರುಮುದ್ರಣವಾಯಿತು. ಸುಮಾರು ಸಾವಿರದ ಎಂಟುನೂರು ಹೋಯಿತು. ಆಟೊಕರೆಕ್ಟ್ ಪೂರ್ತಿ ಆಫ್ ಮಾಡಿ, ಪಠ್ಯದ ಭಾಷೆಯನ್ನು 'ಯಾವುದೂ ಅಲ್ಲ' ಎಂದಿಟ್ಟ ಮೇಲೆ ಆ ಕಾಟ ತಪ್ಪಿತು, ಕೆಂಪು ಅಲೆಗೆರೆಗಳೂ ಹೋದವು.

ಆಸ್ಕಿಯಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಸಾಕಷ್ಟಿವೆ. ನೂರಕ್ಕೆ ತೊಂಬತ್ತೈದು ಪಾಲು ಸರಿಯಾಗಿಯೇ ಮಾಡುತ್ತವೆ. ಉಳಿದ ಐದು ಪಾಲಿನಲ್ಲಿ ನಮ್ಮ ಮಾನ ಹೋಗುತ್ತದೆ. ಒಂದು ಸಹಕಾರ ಸಂಘದ ವಾರ್ಷಿಕ ವರದಿ, ಅರವತ್ತು ಚಿಲ್ಲರೆ ಪುಟ, ಹಳೆಯ ವರ್ಷದ ಫೈಲನ್ನೇ ತಿದ್ದಿ ಕೊಡಬೇಕಿತ್ತು. ಪರಿವರ್ತಕಕ್ಕೆ ಬರಿಯ ಪಠ್ಯ ಹಾಕಿದಾಗ ಯಾವುದು ನುಡಿ ಫಾಂಟಿನಲ್ಲಿತ್ತು, ಯಾವುದು ಇಂಗ್ಲಿಷ್ ಫಾಂಟಿನಲ್ಲಿತ್ತು ಎಂಬ ಗುರುತು ಅಳಿಸಿಹೋಗಿ, ಸಂಘದ ಇಮೇಲ್ ವಿಳಾಸ, ಲೆಕ್ಕಪರಿಶೋಧಕರ ಪದವಿ, ಇಂಗ್ಲಿಷ್ ಜಾಹೀರಾತು ಎಲ್ಲವೂ ಅರ್ಥವಿಲ್ಲದ ಕನ್ನಡವಾದವು. ನಾನು ಮೊದಲ ಹತ್ತು ಪುಟ ನೋಡಿ ಕೊಟ್ಟುಬಿಟ್ಟಿದ್ದೆ. ಅಂಕಿಗಳಲ್ಲೂ ಎಚ್ಚರ ಬೇಕು: ನುಡಿ ಫಾಂಟಿನ ಹೆಸರಿನ ಕೊನೆಯ 'ಇ' ಮತ್ತು 'ಕೆ' ಹೇಳುವುದು ಅಂಕಿಯ ರೂಪವನ್ನು ಮಾತ್ರ, ಒಳಗಿನ ಸಂಕೇತ ಎರಡಕ್ಕೂ ಒಂದೇ ಆದ್ದರಿಂದ, ಕನ್ನಡ ಅಂಕಿಯಲ್ಲಿದ್ದ ಕೋಷ್ಟಕ ಇಂಗ್ಲಿಷ್ ಅಂಕಿಯಲ್ಲಿ ಹೊರಬರಬಹುದು. ಇನ್ನು ಅರ್ಕಾವೊತ್ತಿನ ಜಾಗದಲ್ಲಿ ರಕಾರವನ್ನೇ ಉಳಿಸಬೇಕಾದ 'ರ‍್ಯಾಂಕ್', 'ರ‍್ಯಾಲಿ' ಮೊದಲಾದ ಪದಗಳಿಗೆ ನಡುವೆ ಕಣ್ಣಿಗೆ ಕಾಣದ ಜೋಡಕ ಬೇಕು. ಪರಿವರ್ತಕ ಅದನ್ನು ಹಾಕುವುದಿಲ್ಲ. ಈಗ ನಾನು ಫಾಂಟಿನ ಗುರುತು ಉಳಿಯುವ ರೀತಿಯಲ್ಲಿ ಫೈಲನ್ನು ಮೊದಲು ಬೇರೊಂದು ರೂಪಕ್ಕೆ ತಿರುಗಿಸಿ, ಆಮೇಲೆ ಪರಿವರ್ತಿಸಿ, ಕೊನೆಗೆ ನಾನೇ ಕೂಡಿಹಾಕಿದ ನಲವತ್ತಮೂರೋ ನಲವತ್ತೈದೋ 'ಹುಡುಕು-ಬದಲಿಸು' ಸಾಲುಗಳನ್ನು ಒಂದೇ ಏಟಿಗೆ ಓಡಿಸುತ್ತೇನೆ. ಆ ರೂಪ ಯಾವುದು, ಆ ಸಾಲುಗಳು ಯಾವುವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಈಚೆಗೆ ಸುತ್ತಲಿನ ನಾಲ್ಕು ಅಂಗಡಿಗಳ ಪರಿವರ್ತನೆಯ ಕೆಲಸ ನನಗೇ ಬರುತ್ತಿದೆ, ಪುಟಕ್ಕೆ ಎಂಟು ರೂಪಾಯಿ.

ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು, ಹಾಗಾಗಿ ಅದಕ್ಕೆ ಎಕ್ಸ್‌ಪಿಯೇ ಬೇಕು. ಒಂದು ಕಂಪ್ಯೂಟರಿನೊಳಗೇ ಇನ್ನೊಂದನ್ನು ಓಡಿಸುವ ವರ್ಚುವಲ್ ಬಾಕ್ಸಿನೊಳಗೆ ಎಕ್ಸ್‌ಪಿ ಕೂರಿಸುವ ಆಸೆಯಿತ್ತು, ಆದರೆ ಈಗಿನ ವರ್ಚುವಲ್ ಬಾಕ್ಸಿಗೆ ಪ್ರೊಸೆಸರಿನಲ್ಲಿ ಅದಕ್ಕೆಂದೇ ಇರುವ ವಿಟಿ ಸೌಲಭ್ಯ ಇರಲೇಬೇಕು. ಇ7500ರಲ್ಲೇ ಕೆಲವು ತುಂಡುಗಳಲ್ಲಿ ಅದಿದೆ, ಕೆಲವುಗಳಲ್ಲಿ ಇಲ್ಲ, ನನ್ನದು ಇಲ್ಲದ ಜಾತಿ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್‌ನಲ್ಲಿ ಪೇಜ್‌ಮೇಕರ್ ತೆರೆಯಿತು, ಪುಟಗಳೂ ಕಂಡವು, ಪ್ರಿಂಟ್ ಕೊಟ್ಟಾಗ ಮುಚ್ಚಿಕೊಂಡಿತು. ಎರಡು ವಾರ ಹೆಣಗಿ ಬಿಟ್ಟೆ. ಆದ್ದರಿಂದ ಹಳೆಯ ಪೇಜ್‌ಮೇಕರ್ ಫೈಲು ಬಂದಾಗ ನೆಟ್‌ವರ್ಕ್ ಕೇಬಲ್ ಕಿತ್ತು, ಎಕ್ಸ್‌ಪಿಯ ಡಿಸ್ಕಿನಿಂದ ಬೂಟ್ ಮಾಡಿ ಕೆಲಸ ಮುಗಿಸುತ್ತೇವೆ. ತಿಂಗಳಿಗೆ ಆರೇಳು ಸಲ. ಹೊಸ ಕೆಲಸವೆಲ್ಲ ಸ್ಕ್ರೈಬಸ್ ಎಂಬ ಉಚಿತ ಪುಟವಿನ್ಯಾಸ ತಂತ್ರಾಂಶದಲ್ಲಿ. ಅದರ 1.4 ಆವೃತ್ತಿಯಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದುದನ್ನು ನೋಡಿ ಬಿಟ್ಟವರು ಮತ್ತೊಮ್ಮೆ ನೋಡಬೇಕು, 1.5ರ ಸರಣಿಯಿಂದೀಚೆಗೆ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ, 1.6 ಸ್ಥಿರವಾಗಿಯೂ ಇದೆ. ಕಳೆದ ಮಳೆಗಾಲದ ಬಿಲ್ ಪುಸ್ತಕಗಳೆಲ್ಲ ಅದರಲ್ಲೇ ಆದವು. ಪ್ರಿಂಟರಿನ ವಿಷಯಕ್ಕೆ ಒಂದೇ ಮಾತು: ಆನ್ ಮಾಡಿದಾಗಲೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ (ತನ್ನನ್ನು ನಡೆಸುವ ತಂತ್ರಾಂಶ) ಬೇಡುವ ಬಗೆಯ ಹಳೆಯ ಲೇಸರ್ ನಿಮ್ಮಲ್ಲಿದ್ದರೆ, ಮೊದಲು ಅದನ್ನು ಒದಗಿಸುವ ಪ್ಲಗಿನ್ ಹಾಕಿಕೊಂಡು ಆಮೇಲೆ ಪ್ರಿಂಟರ್ ಸೇರಿಸಿ.

ಈ ಹುರುಪಿನಲ್ಲಿ ಭಾವನ ಹಳೆಯ ಲ್ಯಾಪ್‌ಟಾಪಿಗೂ ಮಿಂಟ್ ಹಾಕಲು ಹೋದೆ. ರ‍್ಯಾಮಿನ ಋಣ ತೀರಿಸಬೇಕಿತ್ತಲ್ಲ. ಅದರಲ್ಲಿ ಇನ್‌ಸ್ಟಾಲ್ ಆಯಿತು, ಆದರೆ ಲಾಗಿನ್ ಕಿಟಕಿ ಕಾಣಲಿಲ್ಲ, ಮೌಸ್ ತೆರೆಯ ಅಂಚು ದಾಟಿ ಎಲ್ಲಿಗೋ ಹೋಗುತ್ತಿತ್ತು. ಆ ಕಾಲದ ಕೆಲವು ಲ್ಯಾಪ್‌ಟಾಪ್ ಚಿಪ್‌ಸೆಟ್ಟುಗಳಲ್ಲಿ, ಇಲ್ಲದ ಟಿವಿಯೊಂದು ಜೋಡಿಸಿದೆ ಎಂದು ಡ್ರೈವರ್ ಭ್ರಮಿಸಿ, ಲಾಗಿನ್ ಕಿಟಕಿಯನ್ನು ಆ ದೆವ್ವದ ಟಿವಿಗೆ ಕಳಿಸುತ್ತದೆ. ಮಿಂಟಿನ ಬೂಟ್‌ಲೋಡರ್ ಆದ ಗ್ರಬ್‌ನ ಸಾಲಿನಲ್ಲಿ ಎಸ್‌ವಿಡಿಯೊ-1 ಎಂಬ ಟಿವಿ ಸಂಪರ್ಕವನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಸೇರಿಸಿದ ಕೂಡಲೇ ಎಲ್ಲವೂ ಸರಿಹೋಯಿತು. ಭಾವ ಈಗ ಅದರಲ್ಲಿ ಯಕ್ಷಗಾನ ನೋಡುತ್ತಾನೆ.

ಲೆಕ್ಕ ಹೇಳುವುದಾದರೆ, ಉಪಯೋಗಕ್ಕೆ ಬಂದ ಖರ್ಚು ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಥರ್ಮಲ್ ಪೇಸ್ಟ್, ಒಂದು ಕೇಬಲ್ ಸೇರಿ ಎರಡೂವರೆ ಸಾವಿರದ ಸ್ವಲ್ಪ ಮೇಲೆ. ನನ್ನ ತಪ್ಪುಗಳಿಗೆ ತೆತ್ತದ್ದು ಮೂರು ಸಾವಿರಕ್ಕೂ ಹೆಚ್ಚು. ಹೆಂಡತಿಗೆ ಮೊದಲನೆಯ ಮೊತ್ತವನ್ನಷ್ಟೇ ಹೇಳಿದ್ದೇನೆ. ಕೊಟೇಶನ್ ತರಿಸಿಕೊಟ್ಟಿದ್ದ ಪಕ್ಕದ ಪ್ರೆಸ್ಸಿನವರು ಕಳೆದ ವಾರ ತಮ್ಮ ಹಳೆಯ ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದರು. ಅವರದು ಜಿ41 ಬೋರ್ಡು, ಡಿಡಿಆರ್3 ರ‍್ಯಾಮಿನದು, ಆದ್ದರಿಂದ ಕಡ್ಡಿ ಅಗ್ಗಕ್ಕೆ ಸಿಗುತ್ತದೆ. ಆದರೆ ಪ್ರೊಸೆಸರಿನ ಪಕ್ಕದ ಮೂರು ಕೆಪಾಸಿಟರುಗಳು ಉಬ್ಬಿವೆ. ಅವನ್ನು ಬದಲಾಯಿಸಲು ರೇಡಿಯೊ ರಿಪೇರಿಯವರಲ್ಲಿ ಕೊಟ್ಟಿದ್ದೇನೆ, ಎಂಬತ್ತು ರೂಪಾಯಿ ಕೇಳಿದ್ದಾರೆ.