ಮೊದಲು ತಲೆ ಎಲ್ಲಿದೆ ನೋಡಿಕೊಳ್ಳಿ: ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನಿಮ್ಮದೇ ಕ್ಯಾಮೆರಾ ನೋಟ

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆ ಹಿಡಿದರೆ ನಮ್ಮ ಕಡೆ ಹುಡುಗರು ಮನೆಯೊಳಗೇ. ಈ ಸಲ ಅಣ್ಣನ ಮಗ ಮತ್ತು ಅವನ ಮೂವರು ಗೆಳೆಯರು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅನ್ನುವ ವಿಮಾನ ಹಾರಿಸುವ ಕಂಪ್ಯೂಟರ್ ಆಟ ಹಿಡಿದು ಕೂತಿದ್ದಾರೆ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲವಲ್ಲ, ಹಾಗಾಗಿ ಮಂಗಳೂರಿನಲ್ಲಿ ಏರಿ, ಮಡಿಕೇರಿ ಮೇಲೊಂದು ಸುತ್ತು ಹಾಕಿ, ತಡಿಯಂಡಮೋಳ್ ಬೆಟ್ಟ ನೋಡಿಕೊಂಡು ಕಣ್ಣೂರಿನಲ್ಲಿ ಇಳಿಯುತ್ತಾರೆ. ಇಳಿಯುತ್ತಾರೆ ಅಂದೆ, ಮೂವರು ಬೀಳುತ್ತಾರೆ. ಜಾಯ್‌ಸ್ಟಿಕ್ ಸರಿ ಇಲ್ಲ ಅಂತ ದೂರು ಬೇರೆ. ಹಿಂದೆ ನಿಂತು ನೋಡಿದರೆ ಒಬ್ಬ ಎರಡು ಸೀಟುಗಳ ನಡುವೆ ಕೂತಿದ್ದಾನೆ, ಇನ್ನೊಬ್ಬನ ತಲೆ ಚಾವಣಿಗೆ ತಾಗಿದೆ, ಮತ್ತೊಬ್ಬ ಹೊರಗಿನಿಂದ ವಿಮಾನದ ಬಾಲ ನೋಡುತ್ತಾ ಇಳಿಸುತ್ತಿದ್ದಾನೆ. ಜಾಯ್‌ಸ್ಟಿಕ್ ಪಾಪ ಏನು ಮಾಡೀತು?

ನಾನು ಹೇಳುವುದು 2020ರ ಆವೃತ್ತಿಗೆ, ಸೆಸ್ನಾ 172 ವಿಮಾನಕ್ಕೆ. ಆಟದ ಕ್ಯಾಮೆರಾವೇ ನಿಮ್ಮ ತಲೆ ಅಂದುಕೊಳ್ಳಿ. ಕೀಲಿಗಳ ಪಾಠ ಚಿಕ್ಕದು. ಮೌಸ್‌ನ ಬಲ ಗುಂಡಿ ಒತ್ತಿ ಹಿಡಿದರೆ ಕತ್ತು ತಿರುಗುತ್ತದೆ. ಬಾಣದ ಕೀಲಿಗಳಿಂದ ತಲೆ ಮೇಲೆ, ಕೆಳಗೆ, ಅಕ್ಕಪಕ್ಕ ಸರಿಯುತ್ತದೆ. ಮೌಸ್ ಚಕ್ರದಿಂದ ಜೂಮ್. ಬೇಕಾದ ನೋಟ ಸಿಕ್ಕ ಮೇಲೆ ಕಂಟ್ರೋಲ್, ಆಲ್ಟ್ ಮತ್ತು ಒಂದು ಅಂಕಿ ಒತ್ತಿದರೆ ಸೇವ್ ಆಗುತ್ತದೆ. ಆಮೇಲೆ ಆಲ್ಟ್ ಮತ್ತು ಅದೇ ಅಂಕಿ ಒತ್ತಿದರೆ ನೋಟ ವಾಪಸ್. ಇದೆಲ್ಲ ಕಾಕ್‌ಪಿಟ್ ಒಳಗಿದ್ದಾಗ ಮಾಡುವ ಕೆಲಸ.

ಅಂಕಿ ಅಂದರೆ ಕೀಬೋರ್ಡಿನ ಮೇಲಿನ ಸಾಲಿನದ್ದು. ಬಲಗಡೆಯ ನಂಬರ್ ಪ್ಯಾಡ್ ಮುಟ್ಟಬೇಡಿ, ಅದು ವಿಮಾನ ತಿರುಗಿಸುವುದಕ್ಕೆ ಅಂತ ಇಟ್ಟಿದ್ದು, ನೋಟ ಬದಲಾಗುವ ಬದಲು ವಿಮಾನದ ಮೂಗು ಕೆಳಗೆ ಹೋಗುತ್ತದೆ. ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್ ಬಳಸುವವರಿಗೆ ಇದು ಪೂರಾ ಉಲ್ಟಾ: ಅಲ್ಲಿ ಕಂಟ್ರೋಲ್ ಜೊತೆ ನಂಬರ್ ಪ್ಯಾಡ್ ಒತ್ತಿದರೆ ಸೇವ್, ಬರೀ ನಂಬರ್ ಪ್ಯಾಡ್ ಒತ್ತಿದರೆ ವಾಪಸ್. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್ ಇದ್ದವರು ಸೆಟ್ಟಿಂಗ್ಸ್‌ಗೆ ಹೋಗಿ ಬೇರೆ ಕೀಲಿ ಕೊಟ್ಟುಕೊಳ್ಳಬೇಕು.

ಇನ್ನೊಂದು ತಮಾಷೆ. ಕಂಟ್ರೋಲ್, ಆಲ್ಟ್ ಹಿಡಿದುಕೊಂಡೇ ಬಾಣದ ಕೀಲಿ ಒತ್ತಿದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಇಡೀ ಪರದೆ ತಲೆಕೆಳಗಾಗುತ್ತದೆ. ನಮ್ಮ ಹುಡುಗ ವೈರಸ್ ಬಂತು ಅಂತ ಕೂಗಿಕೊಂಡ. ಗಾಬರಿ ಬೇಡ, ಅದೇ ಎರಡು ಕೀಲಿ ಹಿಡಿದು ಮೇಲ್ಬಾಣ ಒತ್ತಿ, ಸರಿಹೋಗುತ್ತದೆ.

ಈಗ ಎಲ್ಲರೂ ಕೆಡಿಸುವ ಜಾಗಕ್ಕೆ ಬರೋಣ: ಒಂದನೇ ನಂಬರಿನ ನೋಟ, ಅಂದರೆ ನೀವು ಹಾರಿಸುವ, ಇಳಿಸುವ ನೋಟ. ಇದನ್ನು ಗಾಳಿಯಲ್ಲಿ ಹೊಂದಿಸಲು ಹೋಗಬೇಡಿ. ಕಣ್ಣೂರಿನ ರನ್‌ವೇ 3,050 ಮೀಟರ್ ಇದೆ, ಅದರ ನಡುಗೆರೆಯ ಮೇಲೆ ವಿಮಾನ ನಿಲ್ಲಿಸಿ ನಿಧಾನಕ್ಕೆ ಮಾಡಿ.

ಮೊದಲು ಅಕ್ಕಪಕ್ಕ. ನೀವು ಎಡ ಸೀಟಿನ ಮನುಷ್ಯ, ನಿಮ್ಮ ಕಣ್ಣು ನಿಮ್ಮ ಕಡೆಯ ಯೋಕ್‌ನ (ವಿಮಾನ ತಿರುಗಿಸುವ ಹಿಡಿಯ) ನೇರಕ್ಕೆ ಇರಬೇಕು. ಮೂಗು ಪರದೆಯ ಮಧ್ಯ ಬರಲಿ ಅಂತ ಬಲಕ್ಕೆ ಸರಿಯುವವರೇ ಜಾಸ್ತಿ. ಎಡ ಸೀಟಿನಿಂದ ನೋಡಿದರೆ ಮೂಗು ಸ್ವಲ್ಪ ಬಲಕ್ಕೇ ಕಾಣಬೇಕು, ನಡುಗೆರೆ ನಿಮ್ಮ ಮೊಣಕಾಲುಗಳ ನಡುವಿಂದ ಹೊರಟಂತೆ ಇರಬೇಕು.

ಆಮೇಲೆ ಎತ್ತರ. ಡ್ಯಾಶ್‌ಬೋರ್ಡ್ ದಾಟಿ ಎಂಜಿನ್ ಮುಚ್ಚಳದ ಮೇಲ್ಭಾಗ ಕಾಣಬೇಕು, ಅದರಾಚೆ ರನ್‌ವೇ ಕಾಣಬೇಕು. ತಗ್ಗಿ ಕೂತರೆ ಇಳಿಯುವ ಕೊನೆಯಲ್ಲಿ ಮೂಗು ಎತ್ತಿದ ಕೂಡಲೇ ರನ್‌ವೇ ಮಾಯ. ಹಾಗಂತ ತೀರಾ ಎತ್ತಿದರೆ ಮೀಟರ್‌ಗಳ ಮೇಲಿನ ಸಾಲು ಮುಚ್ಚಿಹೋಗುತ್ತದೆ.

ಕೊನೆಗೆ ಜೂಮ್, ಕೆಡುವುದೆಲ್ಲ ಇಲ್ಲೇ. ಎಲ್ಲ ಮೀಟರೂ ಬೇಕು, ಎರಡೂ ಕಿಟಕಿಯೂ ಬೇಕು ಅಂತ ಚಕ್ರ ತಿರುಗಿಸಿ ತಿರುಗಿಸಿ ಹಿಂದಕ್ಕೆ ಹೋಗುತ್ತಾರೆ. ಆಗ ರನ್‌ವೇ ಇರುವುದಕ್ಕಿಂತ ದೂರ ಕಾಣುತ್ತದೆ, ನೆಲ ಇನ್ನೂ ಬಂದಿಲ್ಲ ಅಂದುಕೊಳ್ಳುತ್ತಾರೆ, ಮೂಗು ಎತ್ತುವುದು ತಡವಾಗಿ ಧಡಾರ್. ತೀರಾ ಹತ್ತಿರಕ್ಕೆ ಎಳೆದುಕೊಂಡವರದು ಬೇರೆ ಪಾಡು: ನೆಲ ಬಂದೇಬಿಟ್ಟಿತು ಅಂತ ಬೇಗ ಎತ್ತುತ್ತಾರೆ, ವಿಮಾನ ತೇಲಿ, ವೇಗ ಸತ್ತು, ಕುಕ್ಕರಿಸುತ್ತದೆ. ನನ್ನ ಲೆಕ್ಕ ಇಷ್ಟೇ, ಕುರ್ಚಿಗೆ ಒರಗಿ ಕೂತಾಗ ವೇಗದ ಅಂಕಿ ಕಷ್ಟವಿಲ್ಲದೆ ಓದಲು ಬಂದರೆ ಸಾಕು. ಬಲಗಡೆಯ ಮೀಟರ್ ಕಾಣದಿದ್ದರೆ ಕಾಣದಿರಲಿ, ಅದಕ್ಕೆ ಬೇರೆ ನೋಟ ಇದೆ.

ಒಂದಕ್ಕೆ ಸೇವ್ ಮಾಡಿ, ಒಂದು ಸುತ್ತು ಹೊಡೆದು ಇಳಿಯಲು ಬನ್ನಿ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಕೆ) ಪೂರ್ತಿ ಇಳಿಸಿ 65 ನಾಟ್ ವೇಗದಲ್ಲಿ ಬರುವಾಗ ರನ್‌ವೇಯ ತುದಿ ಮರೆಯಾದರೆ ಆ್ಯಕ್ಟಿವ್ ಪಾಸ್ ಹಾಕಿ ವಿಮಾನವನ್ನು ಗಾಳಿಯಲ್ಲೇ ನಿಲ್ಲಿಸಿ, ಮೇಲ್ಬಾಣ ಒಂದೆರಡು ಸಲ ತಟ್ಟಿ, ಅದೇ ಅಂಕಿಗೆ ಮತ್ತೆ ಸೇವ್ ಮಾಡಿ. ಹಳೆಯದು ಅಳಿಯುತ್ತದೆ. ನಾನು ಮೂರು ಸಲ ಹೀಗೆ ತಿದ್ದಿದ್ದೇನೆ, ನಾಚಿಕೆ ಏನಿಲ್ಲ.

ಮಿಕ್ಕವು ಸುಲಭ. ಎರಡಕ್ಕೆ ರೇಡಿಯೋ ಮತ್ತು ಜಿಪಿಎಸ್. ಮೂರಕ್ಕೆ ಕೆಳಗಿನ ಟ್ರಿಮ್ ಚಕ್ರ (ಮೂಗಿನ ಮಟ್ಟ ಹಿಡಿದಿಡುವುದು), ಇಂಧನದ ತಿರುಪು. ನಾಲ್ಕು ಮಾತ್ರ ಮರೆಯಬೇಡಿ: ಎಡಗಡೆ, ರೆಕ್ಕೆಗಿಂತ ಸ್ವಲ್ಪ ಹಿಂದಕ್ಕೆ. ಇಳಿಯುವ ಮೊದಲು ರನ್‌ವೇಯ ಪಕ್ಕದಲ್ಲಿ ಅದರ ಉದ್ದಕ್ಕೂ ಹಾರುತ್ತಾ, ಇಳಿಯಬೇಕಾದ ತುದಿ 45 ಡಿಗ್ರಿ ಹಿಂದೆ ಬಿದ್ದಾಗ ತಿರುಗಬೇಕು ಅಲ್ವಾ, ಅದನ್ನು ನೋಡಲು ಈ ನೋಟ. ತಿರುಗಲು ಶುರು ಮಾಡುವ ಮೊದಲೇ ನೋಡಿಕೊಳ್ಳಿ, ಸೆಸ್ನಾದ ರೆಕ್ಕೆ ತಲೆಯ ಮೇಲಿರುವುದರಿಂದ ವಾಲಿದ ಕೂಡಲೇ ರನ್‌ವೇಯನ್ನು ಮುಚ್ಚಿಬಿಡುತ್ತದೆ. ಹತ್ತು ಜಾಗ ಇದೆ ಅಂತ ಹತ್ತನ್ನೂ ತುಂಬಬೇಡಿ, ಇಳಿಯುವ ಹೊತ್ತಿಗೆ ಯಾವ ಅಂಕಿಗೆ ಯಾವ ನೋಟ ಅಂತ ನೆನಪಾಗುವುದಿಲ್ಲ.

ಒಂದು ಮತ್ತು ನಾಲ್ಕನ್ನು ಜಾಯ್‌ಸ್ಟಿಕ್‌ನ ಗುಂಡಿಗಳಿಗೆ ಕೊಡಿ. ಕಂಟ್ರೋಲ್ಸ್ ಪಟ್ಟಿಯಲ್ಲಿ 'ಲೋಡ್ ಕಸ್ಟಮ್ ಕ್ಯಾಮೆರಾ' ಅಂತ ಹುಡುಕಿದರೆ ಸಿಗುತ್ತದೆ. ಜಾಯ್‌ಸ್ಟಿಕ್ ಕೊಳ್ಳುವಾಗ ಗುಂಡಿ ಎಷ್ಟಿದೆ ಅಂತ ಎಣಿಸುವುದಕ್ಕಿಂತ ಒತ್ತಿ ನೋಡಿ. ನಾನು ಅಗ್ಗಕ್ಕೆ ತಂದ ಒಂದರಲ್ಲಿ ಹನ್ನೆರಡು ಗುಂಡಿ ಇತ್ತು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಲಸ ಮಾಡುತ್ತಿದ್ದದ್ದು ಐದು.

ಈ ನೋಟಗಳು ಆಯಾ ವಿಮಾನಕ್ಕೆ ಮಾತ್ರ. 1965ರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಹಳೆಯ ಮಿಸ್ಟೇರ್ ಯುದ್ಧವಿಮಾನದಲ್ಲಿ ಕೂತು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಹೊಡೆದ ಕಥೆ ಕೇಳಿ ಬೆಳೆದ ಹುಡುಗರು ಇವರು, ಎರಡೇ ದಿನಕ್ಕೆ ಸೆಸ್ನಾ ಬಿಟ್ಟು ಸೂಪರ್ ಹಾರ್ನೆಟ್ ಜೆಟ್ ಹತ್ತಿದರು. ಅಲ್ಲಿ ಆಲ್ಟ್ ಒಂದು ಒತ್ತಿ, ನಮ್ಮ ನೋಟ ಎಲ್ಲಿ ಹೋಯ್ತು ಚಿಕ್ಕಪ್ಪ ಅಂತ ಕೇಳಿದರು. ಎಲ್ಲೂ ಹೋಗಿಲ್ಲ, ಸೆಸ್ನಾದಲ್ಲೇ ಇದೆ. ಜೆಟ್‌ಗೆ ಮತ್ತೆ ಮೊದಲಿನಿಂದ ಮಾಡಬೇಕು, ಅಂಕಿಗಳ ಕ್ರಮವನ್ನಾದರೂ ಅದೇ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಪ್ರತಿ ನೋಟದ್ದೂ ಮೊಬೈಲ್‌ನಲ್ಲಿ ಒಂದೊಂದು ಫೋಟೋ ತೆಗೆದಿಡಿ. ಕಳೆದ ಜುಲೈನಲ್ಲಿ ಕರೆಂಟ್ ಹೋಗಿ ಬಂದು ನನ್ನ ಡಿಸ್ಕ್ ಕೆಟ್ಟಾಗ ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು, ಫೋಟೋ ನೋಡಿಕೊಂಡು ಹತ್ತು ನಿಮಿಷಕ್ಕೆ ತಲೆಯನ್ನು ವಾಪಸ್ ಅದೇ ಜಾಗದಲ್ಲಿ ಕೂರಿಸಿದೆ.